ಸೋಮವಾರದ ಮಾತ್ರೆ

ಶೀಸೆಯಲ್ಲಿದ್ದದ್ದು ತಿಳಿ ಹಳದಿ.

ಕೆಮ್ಮಿನಕ್ಕ ಅದನ್ನು ಹೊಲಿಗೆ ಅಂಗಡಿಯ ಹಿಂಬಾಗಿಲ ಬೆಳಕಿಗೆ ಹಿಡಿದಳು. ಕನ್ನಡಕವನ್ನು ಹಣೆಗೇರಿಸಿ ನೋಡಿದಳು, ಮೂಗಿಗಿಳಿಸಿ ನೋಡಿದಳು. ಬಣ್ಣ ಬದಲಾಗಲಿಲ್ಲ. ನಿನ್ನೆ, ಸೋಮವಾರ, ಇದೇ ಮನುಷ್ಯನ ಮನೆಯಲ್ಲಿ ಇಂಥದ್ದೇ ಶೀಸೆಯಲ್ಲಿ ಕಿತ್ತಳೆ ಸಿಪ್ಪೆಯಂಥ ಕೆಂಪು ಇತ್ತು.

"ಮಾಸ್ಟರ್, ಇವತ್ತು ಮಾತ್ರೆ ನುಂಗಿದ್ರಾ?"

ಕಟಿಂಗ್ ಮಾಸ್ಟರ್ ತುಟಿಗಳ ನಡುವೆ ಎರಡು ಗುಂಡುಸೂಜಿ ಕಚ್ಚಿಕೊಂಡಿದ್ದ. ತೆಗೆಯದೆಯೇ ತಲೆಯಾಡಿಸಿದ.

"ಬಾಯಿ ಬಿಟ್ಟು ಹೇಳಿ."

ಅವನು ಸೂಜಿಗಳನ್ನು ಒಂದೊಂದಾಗಿ ತೆಗೆದು ಕಾಲರಿಗೆ ಚುಚ್ಚಿಕೊಂಡ. "ಬೆಳಿಗ್ಗೆ ಏಳಕ್ಕೇ ಆಯ್ತು ಅಕ್ಕ. ನನ್ನ ಹೆಂಡ್ತಿನೇ ಕೈಯಾರೆ ಕೊಟ್ಲು. ಸ್ಟ್ರಿಪ್ ಬೇಕಾದ್ರೆ ಎಣಿಸಿ, ಒಂದೂ ಹೆಚ್ಚಿಗೆ ಉಳಿದಿಲ್ಲ."

ಸ್ಟ್ರಿಪ್ಪನ್ನು ಅವಳು ನಿನ್ನೆಯೇ ಎಣಿಸಿದ್ದಳು. ಮದ್ದು ಶುರುವಾಗಿ ಆರನೆಯ ತಿಂಗಳು ನಡೆಯುತ್ತಿತ್ತು. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಕ್ಷಯದ ಮದ್ದುಗಳಲ್ಲಿ ಇಟ್ಟಿಗೆ ಪುಡಿಯ ಬಣ್ಣದ್ದೊಂದಿದೆ. ಅದು ಹೊಟ್ಟೆ ಸೇರಿದ ಒಂದೆರಡು ಗಂಟೆಯಲ್ಲಿ ಮೈಯಿಂದ ಹೊರಡುವ ನೀರಿಗೆಲ್ಲ ತನ್ನ ಬಣ್ಣ ಬಳಿಯುತ್ತದೆ. ಈಗ ಹನ್ನೆರಡು ಗಂಟೆ. ಏಳಕ್ಕೆ ನುಂಗಿದವನ ಶೀಸೆ ಕೆಂಪಗಿರಬೇಕು. ಮನುಷ್ಯ ಸುಳ್ಳು ಹೇಳಬಹುದು, ಮೂತ್ರ ಹೇಳುವುದಿಲ್ಲ.

ಈ ಊರಿನ ಬೀದಿಗಳಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ಯಾರ ಮನೆಗೆ ಹೋದರೂ ಮೊದಲ ಮಾತು, "ಎಷ್ಟು ದಿನದಿಂದ ಕೆಮ್ಮು?" ಹಾಗಾಗಿ ಕೆಮ್ಮಿನಕ್ಕ. ಆರೋಗ್ಯ ಇಲಾಖೆಯ ಕ್ಷಯ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಬೇರೆಯವರ ಕೆಮ್ಮಿನ ಬೆನ್ನು ಹತ್ತಿದವಳು. 'ಊರವರ ಕಫ ನೋಡಿಕೊಂಡೇ ನಿನ್ನ ಆಯಸ್ಸು ಕಳೀತಲ್ಲೇ' ಎಂದು ಮನೆಯಲ್ಲಿ ತಾಯಿ ದಿನಾ ಬೈಯುತ್ತಾಳೆ.

ಈ ಸಲದ ಬೆನ್ನುಹತ್ತುವಿಕೆ ಶುರುವಾದದ್ದು ಕಾಜಾ ಅಕ್ಕನಿಂದ. ಇದೇ ಅಂಗಡಿಯಲ್ಲಿ ಅಂಗಿಗಳ ಗುಂಡಿತೂತಿಗೆ ಕಾಜಾ ಹೊಲಿಯುವ ಹೆಂಗಸು. ಮೂರು ವಾರದ ಹಿಂದೆ ಜ್ವರ, ಬೆವರು, ಕೆಮ್ಮು ಎಂದು ಬಂದಳು. ಕಫವನ್ನು ಯಂತ್ರಕ್ಕೆ ಹಾಕಿದರೆ ಕ್ಷಯ ಇದೆ ಎಂದಿತು. ಇಟ್ಟಿಗೆ ಬಣ್ಣದ ಮದ್ದಿಗೆ ಆ ರೋಗಾಣು ಬಗ್ಗುವುದಿಲ್ಲ ಎಂದೂ ಹೇಳಿತು.

ಜೀವಮಾನದಲ್ಲಿ ಕ್ಷಯದ ಒಂದು ಮಾತ್ರೆಯನ್ನೂ ನುಂಗದವಳ ಎದೆಯಲ್ಲಿ ಮದ್ದಿಗೆ ಬಗ್ಗದ ರೋಗಾಣು! ಅದು ತಾನಾಗಿ ಹುಟ್ಟುವಂಥದ್ದಲ್ಲ. ಯಾರೋ ಮಾತ್ರೆಯನ್ನು ಒಂದು ದಿನ ನುಂಗಿ ನಾಲ್ಕು ದಿನ ಬಿಟ್ಟಿದ್ದಾರೆ. ಅರ್ಧ ಪೆಟ್ಟು ತಿಂದ ಹಾವಿನ ಹಾಗೆ ರೋಗಾಣು ಅವರ ಮೈಯಲ್ಲಿ ಹಗೆ ಕಲಿತಿದೆ. ಆಮೇಲೆ ಅವರ ಕೆಮ್ಮಿನ ಜೊತೆ ಹೊರಬಿದ್ದು, ಗಾಳಿಯಲ್ಲಿ ತೇಲಿ ಕಾಜಾ ಅಕ್ಕನ ಉಸಿರು ಸೇರಿದೆ.

ಯಾರ ಕೆಮ್ಮು?

ಅವಳು ಒಳಕೋಣೆಯನ್ನು ಮತ್ತೊಮ್ಮೆ ನೋಡಿದಳು. ಹತ್ತು ಅಡಿಗೆ ಹನ್ನೆರಡು ಅಡಿ. ಕತ್ತರಿಸುವ ಉದ್ದನೆಯ ಮೇಜು, ಎರಡು ಹೊಲಿಗೆ ಯಂತ್ರ, ಮೂಲೆಯಲ್ಲಿ ಇಸ್ತ್ರಿ ಮಾಡುವ ಕಟ್ಟೆ. ಬೀದಿಯ ಕಡೆ ಒಂದೇ ಕಿಟಕಿ. ಅದಕ್ಕೂ ಬಟ್ಟೆಯ ಥಾನುಗಳನ್ನು ಅಡ್ಡ ಪೇರಿಸಿದ್ದರು. ಗಾಳಿ ಬಂದರೆ ಅಳತೆಯ ಕಾಗದ ಹಾರುತ್ತದಂತೆ; ಅದಕ್ಕೇ ಫ್ಯಾನೂ ಇಲ್ಲ. ಇಂಥ ಕೋಣೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ ಒಬ್ಬರ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತ ಕೂರುತ್ತಾರೆ. ಕ್ಷಯಕ್ಕೆ ಬೇಕಾದದ್ದು ಇಷ್ಟೇ. ಎಂಜಲು ಲೋಟದಿಂದ ಬರುವುದಿಲ್ಲ, ಮುಟ್ಟಿದರೆ ಬರುವುದಿಲ್ಲ, ಹೊಲಿದ ಬಟ್ಟೆಯಿಂದಲೂ ಬರುವುದಿಲ್ಲ. ಮುಚ್ಚಿದ ಕಿಟಕಿಯಿಂದ ಬರುತ್ತದೆ.

"ನನ್ನ ಮೇಲಿನ ಅನುಮಾನ ಮುಗೀತಾ, ಇಲ್ಲಾ ಬಾಕಿ ಇದೆಯಾ?" ಇಸ್ತ್ರಿ ಮಾವ ಮೂಲೆಯಿಂದ ಕೇಳಿದ. ಅರವತ್ತು ದಾಟಿದ ಆ ಮುದುಕ ಮಾತಿಗೆ ಎರಡು ಸಲ ಕೆಮ್ಮುತ್ತಿದ್ದ. ಮೊದಲು ಎಲ್ಲರೂ ಬೆರಳು ತೋರಿಸಿದ್ದು ಅವನ ಕಡೆಗೇ. ಎರಡು ಸಲ ಕಫ ತೆಗೆದು ನೋಡಿದ್ದಾಯಿತು, ಎದೆಯ ಚಿತ್ರ ತೆಗೆಸಿದ್ದಾಯಿತು. ಕ್ಷಯದ ಸುಳಿವೇ ಇರಲಿಲ್ಲ.

"ಮುಗೀತು ಮಾವ. ನಿಮ್ಮದು ಬೀಡಿ ಕೆಮ್ಮು."

"ಥೂ, ಇಷ್ಟು ದಿನ ಎಲ್ಲರೂ ದೂರ ಕೂತಿದ್ರು, ಆರಾಮಾಗಿತ್ತು. ಇನ್ನು ಮತ್ತೆ ನನ್ನ ಬೀಡಿ ಕೇಳ್ತಾರೆ."

ಮಾಸ್ಟರ್ ನಗಲಿಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡಿದ್ದ. ಗಂಟಲಿನಲ್ಲೇನೋ ಏರುತ್ತಿದ್ದದ್ದನ್ನು ನುಂಗಿ, ನುಂಗಿ, ಕಣ್ಣಲ್ಲಿ ನೀರು ತಂದುಕೊಂಡಿದ್ದ. ತುಟಿಯ ಸೂಜಿ ಯಾಕೆಂದು ಕೆಮ್ಮಿನಕ್ಕನಿಗೆ ಆಗ ಹೊಳೆಯಿತು. ಸೂಜಿ ಕಚ್ಚಿಕೊಂಡವನು ಮಾತಾಡಬೇಕಿಲ್ಲ. ಮಾತಾಡದವನಿಗೆ ಕೆಮ್ಮು ತಡೆಯುವುದು ಸುಲಭ.

"ತೂಕ ಹೇಗಿದೆ ಮಾಸ್ಟರ್?"

"ಹೆಚ್ಚಾಗಿದೆ ಅಕ್ಕ. ಚೆನ್ನಾಗಿ ತಿಂತೀನಿ."

ಅವನ ಪ್ಯಾಂಟಿನ ಸೊಂಟವನ್ನು ಅವಳು ನೋಡಿದಳು. ಹಿಂಬದಿಯ ಹೊಲಿಗೆಯನ್ನು ಬಿಚ್ಚಿ ಒಂದು ಇಂಚು ಒಳಕ್ಕೆ ಹಿಡಿದಿದ್ದ ಗುರುತಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಹೊಸ ಸಾಲು, ಬೇರೆ ಬಣ್ಣದ ದಾರದಲ್ಲಿ. ಊರವರ ಬಟ್ಟೆಗೆ ಬಣ್ಣ ಹೊಂದಿಸುವ ಮನುಷ್ಯ ತನ್ನ ಬಟ್ಟೆಗೆ ಕೈಗೆ ಸಿಕ್ಕ ದಾರ ಹಾಕಿದ್ದ. ಅವಸರದಲ್ಲಿ ಹೊಲಿದದ್ದು, ಯಾರೂ ನೋಡದಾಗ.

ಎರಡು ಸಲ ಸೊಂಟ ಹಿಡಿದವನ ತೂಕ ಹೆಚ್ಚಾಗಿರುವುದು ಹೇಗೆ?

"ನಿಮ್ಮ ಮನೆಯವರ ಹತ್ರ ಮಾತಾಡ್ಬೇಕು. ಮನೇಲಿದಾರಾ?"

"ಇಲ್ಲ. ಕೆಲಸಕ್ಕೆ..." ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

"ಕೆಲಸವಾ? ನನ್ನ ಕಡತದಲ್ಲಿ 'ಮನೆಯಲ್ಲಿರುತ್ತಾರೆ' ಅಂತ ನೀವೇ ಬರೆಸಿದ್ರಿ."

ಮಾಸ್ಟರ್ ಸೀಮೆಸುಣ್ಣ ಎತ್ತಿಕೊಂಡು, ಗುರುತು ಹಾಕಿ ಮುಗಿದಿದ್ದ ಬಟ್ಟೆಯ ಮೇಲೇ ಮತ್ತೊಂದು ಗೆರೆ ಎಳೆದ. ಇಸ್ತ್ರಿ ಮಾವ ಪೆಟ್ಟಿಗೆಯನ್ನು ಕಟ್ಟೆಯ ಮೇಲೆ ನಿಲ್ಲಿಸಿ ಕಿವಿ ನಿಮಿರಿಸಿದ.

"ಎಲ್ಲಿ ಮಾಸ್ಟರ್?"

"ನೀರಿನ ಟ್ಯಾಂಕಿನ ಹಿಂದುಗಡೆ," ಎಂದ ಮಾಸ್ಟರ್, ನೆಲ ನೋಡುತ್ತ. "ಮಕ್ಕಳನ್ನ ನೋಡ್ಕೊಳ್ಳೋ ಜಾಗ."

ಕೆಮ್ಮಿನಕ್ಕ ಶೀಸೆಯ ಮುಚ್ಚಳ ಬಿಗಿದು ಚೀಲಕ್ಕೆ ಹಾಕಿಕೊಂಡಳು.

ಹೊರಗೆ ಬಂದು ಸ್ಕೂಟರಿಗೆ ಒರಗಿ ನಿಂತು ಅವಳು ಮೊದಲು ಫೋನು ಮಾಡಿದ್ದು ದುರ್ಬೀನಿಗೆ. ಆಸ್ಪತ್ರೆಯ ಪ್ರಯೋಗಾಲಯದ ಮನುಷ್ಯ. ಮೂವತ್ತು ವರ್ಷದಿಂದ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವನಿಗೆ ಡಾಕ್ಟರೇ ಇಟ್ಟ ಅಡ್ಡಹೆಸರು. ಅವಳು ಈ ಆಸ್ಪತ್ರೆಗೆ ಬಂದು ಹದಿನೇಳು ವರ್ಷವಾಯಿತು. ಅಂದಿನಿಂದ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು. ಅವನು ಸ್ಲೈಡಿನಲ್ಲಿ ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಮಾಸ್ಟರ್ ಶೀಸೆ ತಿಳಿಯಾಗಿದೆ ದುರ್ಬೀನೂ. ನಿನ್ನೆ ಕೆಂಪು, ಇವತ್ತು ಇಲ್ಲ."

"ನೀರು ಜಾಸ್ತಿ ಕುಡಿದಿರ್ತಾರೆ ಅಕ್ಕ."

"ಇಪ್ಪತ್ತಾರು ವರ್ಷದಿಂದ ನೋಡ್ತಿದೀನಿ, ನೀರಿಗೆ ಅಷ್ಟೊಂದು ತಿಳಿಯಾಗಲ್ಲ. ಈಗ ಅವರ ಹೆಂಡತೀನ ವಿಚಾರಿಸ್ತೀನಿ."

"ಸುಮ್ನೆ ಯಾಕೆ? ಕಾಜಾ ಅಕ್ಕನ ಮನೆ ಕಡೆ ನೋಡಿ. ಅವಳ ಚಿಕ್ಕಪ್ಪ ಒಬ್ಬ ಕೆಮ್ತಾನಂತೆ. ಶಿಶುವಿಹಾರಕ್ಕೆ ಹೋಗಿ ತಾಯಂದಿರ ಮುಂದೆ ಕ್ಷಯ ಅಂತ ಬಾಯಿ ಬಿಟ್ಟರೆ ಊರೇ ಹೊತ್ತಿಕೊಳ್ಳುತ್ತೆ."

"ಅದೂ ಸರೀನೇ" ಎಂದು ಅವಳು ಫೋನಿಟ್ಟಳು. ಸ್ಕೂಟರ್ ಏರಿದಳು. ಎರಡು ತಿರುವು ದಾಟಿ, ಗಾರೆ ಉದುರಿದ ಗೋಡೆಯ ಪಕ್ಕ ಬರುತ್ತಿದ್ದಂತೆ ಅವಳ ಕೈ ತಾನಾಗಿ ಬ್ರೇಕ್ ಹಿಡಿಯಿತು.

ಹೆಂಡತಿಯನ್ನು ವಿಚಾರಿಸುತ್ತೇನೆ ಎಂದಷ್ಟೇ ತಾನು ಹೇಳಿದ್ದು. ಶಿಶುವಿಹಾರ ಎಂಬ ಮಾತು ತನ್ನ ಬಾಯಿಂದ ಬಂದಿರಲೇ ಇಲ್ಲ.

ಮಾಸ್ಟರ್ ಫೋನು ಮಾಡಿ ಹೇಳಿರಬಹುದೇ? ಅಷ್ಟರೊಳಗೆ ಹೇಗೆ? ಇಲ್ಲ, ತಾನೇ ಎಂದಾದರೂ ಬುತ್ತಿ ತಿನ್ನುತ್ತ ಹೇಳಿದ್ದೆನೋ ಏನೋ. ತನಗೇ ಗೊತ್ತಿಲ್ಲದ್ದನ್ನು ಹೇಳುವುದೆಂತು? ತಲೆಯಲ್ಲಿ ಹುಳ ಬಿಟ್ಟಂತಾಯಿತು. ಹದಿನೇಳು ವರ್ಷದ ಸ್ನೇಹ. ಕೂದಲು ಸೀಳುವುದು ಬೇಡ ಎಂದುಕೊಂಡು ಮುಂದೆ ಹೋದಳು.

ಶಿಶುವಿಹಾರ ಹಳೆಯ ಮನೆಯೊಂದರ ಕೆಳಮಹಡಿ. ಗೇಟಿನ ಪಕ್ಕ ಅಂಗೈಯಗಲದ ಚಪ್ಪಲಿಗಳ ಸಾಲು. ಮಧ್ಯಾಹ್ನದ ನಿದ್ದೆಯ ಹೊತ್ತು. ಪರದೆ ಎಳೆದಿದ್ದರು, ಕಿಟಕಿ ಮುಚ್ಚಿದ್ದರು. ನೆಲದ ಮೇಲೆ ಹಾಸಿದ ಚಾಪೆಗಳಲ್ಲಿ ಮಕ್ಕಳು ಮಲಗಿದ್ದವು. ಅವಳು ಎಣಿಸಿದಳು: ಹತ್ತೊಂಬತ್ತು. ಎಲ್ಲವೂ ಎರಡು, ಮೂರು, ನಾಲ್ಕು ವರ್ಷದವು.

ದೊಡ್ಡವರಿಗೆ ಕ್ಷಯ ಎದೆಯಲ್ಲಿ ಕೂತು ತಿಂಗಳುಗಟ್ಟಲೆ ಕೊರೆಯುತ್ತದೆ. ಎಷ್ಟೋ ಜನರ ಮೈಯಲ್ಲಿ ಜೀವನವಿಡೀ ಸುಮ್ಮನೆ ಮಲಗಿದ್ದು ಹಾಗೇ ಹೋಗಿಬಿಡುತ್ತದೆ. ಈ ವಯಸ್ಸಿನವರಲ್ಲಿ ಹಾಗಲ್ಲ. ಕೆಲವೇ ವಾರಗಳಲ್ಲಿ ಎದೆ ಬಿಟ್ಟು ಮೆದುಳಿನ ಪೊರೆಗೆ ಹತ್ತಬಹುದು. ಅಂಥ ಎರಡು ಮಕ್ಕಳನ್ನು ಅವಳು ತನ್ನ ಕೈಯಲ್ಲೇ ಎತ್ತಿಕೊಂಡು ಓಡಿದ್ದಳು. ಒಂದು ಉಳಿದಿತ್ತು.

ಮಾಸ್ಟರ್ ಹೆಂಡತಿ ಹಿಂದಿನ ಒಗೆಯುವ ಕೋಣೆಯಲ್ಲಿ ಪುಟ್ಟ ಪುಟ್ಟ ಬಿಳಿ ಟವೆಲುಗಳನ್ನು ಮಡಚುತ್ತಿದ್ದಳು. ನಲವತ್ತೈದರ ಆಸುಪಾಸು, ಗಟ್ಟಿಮುಟ್ಟಾದ ಹೆಂಗಸು. ಮೂಗು ಬಾಯಿ ಮುಚ್ಚುವ ಬಟ್ಟೆಯ ಮಾಸ್ಕು ಕಟ್ಟಿದ್ದಳು. ಬಾಗಿಲಲ್ಲಿ ಯಾರಿದ್ದಾರೆಂದು ನೋಡಿದ್ದೇ ಕೈಯ ಟವೆಲು ಕೆಳಗೆ ಬಿತ್ತು.

"ಇವತ್ತು ಮಂಗಳವಾರ," ಎಂದಳು, ಮೊದಲ ಮಾತಿಗೇ.

"ಹೌದು. ನಾನು ಸೋಮವಾರ ಮಾತ್ರ ಬರ್ತೀನಿ ಅಂತ ನೀವು ತಿಳ್ಕೊಂಡಿದ್ರಿ."

ಕೆಮ್ಮಿನಕ್ಕ ಬಾಗಿಲು ಮುಂದಕ್ಕೆ ಮಾಡಿ, ಕೋಣೆಯ ಹಿಂದಿನ ಕಿಟಕಿಯನ್ನು ಪೂರ್ತಿ ತೆರೆದು, ತಾನೂ ಮಾಸ್ಕು ಹಾಕಿಕೊಂಡು ಎದುರಿಗೆ ನಿಂತಳು.

"ನಿಮ್ಮ ಯಜಮಾನರ ಮಾತ್ರೆ ಎಲ್ಲಿಗೆ ಹೋಗ್ತಿದೆ?"

"ಅವರೇ ನುಂಗ್ತಾರೆ."

"ಯಾವಾಗ?"

"ದಿನಾ. ಬೆಳಿಗ್ಗೆ ಏಳಕ್ಕೆ."

"ಇವತ್ತು?"

"ಇವತ್ತೂ."

"ಇವತ್ತು ಅವರ ಶೀಸೆ ತಿಳಿಯಾಗಿದೆ. ನೋಡಮ್ಮ, ನಾನು ಪೊಲೀಸಲ್ಲ. ಆದ್ರೆ ಗಂಡನಿಗೆ ಬರೋ ಮದ್ದನ್ನ ಹೆಂಡತಿ ತಪ್ಪಿಸ್ತಿದ್ರೆ ಅದಕ್ಕೆ ಏನು ಹೆಸರು ಅಂತ ನನಗೆ ಗೊತ್ತು. ಅವರು ಸಾಯ್ಲಿ ಅಂತಲಾ?"

ಅವಳು ಹೊಡೆಸಿಕೊಂಡವಳ ಹಾಗೆ ಹಿಂದೆ ಸರಿದಳು. "ಅಯ್ಯೋ, ಯಾಕೆ ಹೀಗಂತೀರಿ? ಅವರಿಗೆ ವಾಸಿಯಾಗಿದೆ! ಮೂರ್ನಾಲ್ಕು ತಿಂಗಳ ಹಿಂದೇನೇ ವಾಸಿಯಾಗಿದೆ. ಕೆಮ್ಮು ನಿಂತಿತ್ತು, ಊಟ ಸೇರ್ತಿತ್ತು. ಇನ್ನು ಮಾತ್ರೆ ಬೇಡ ಅಂತ ಡಾಕ್ಟರೇ ಹೇಳಿದ್ರಲ್ಲ?"

"ಯಾವ ಡಾಕ್ಟರು ಹೇಳಿದ್ದು?"

"ನಿಮ್ಮ ಡಾಕ್ಟರು. ನಮ್ಮ ಯಜಮಾನರೇ ಬಂದು ಹೇಳಿದ್ರು."

"ನಮ್ಮ ಡಾಕ್ಟರು ಹಾಗೆ ಹೇಳೋರಲ್ಲ. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತೆ, ರೋಗ ನಿಲ್ಲಲ್ಲ. ಕಳ್ಳ ಅಂಗಳದಿಂದ ಹೋಗಿ ಹಿತ್ತಲಲ್ಲಿ ಕೂತ್ಕೋತಾನೆ, ಅಷ್ಟೆ. ಅವನನ್ನ ಓಡಿಸೋಕೆ ಪೂರ್ತಿ ಆರು ತಿಂಗಳು, ಒಂದು ದಿನ ತಪ್ಪದ ಹಾಗೆ ನುಂಗಬೇಕು. ನಿಮ್ಮ ಯಜಮಾನರು ಈಗ ಕೆಮ್ತಿದಾರೆ. ನಿಮ್ಮ ಮುಂದೆ ತಡ್ಕೋತಾರೆ. ಪ್ಯಾಂಟಿನ ಸೊಂಟ ಎರಡು ಸಲ ಹಿಡಿದಿದಾರೆ. ನಿಮಗೆ ಹೇಳಿಲ್ಲ ಅಲ್ವಾ?"

ಆ ಹೆಂಗಸು ಹಿಂದಕ್ಕೆ ಕೈಚಾಚಿ ಒಗೆಯುವ ಕಲ್ಲನ್ನು ಹುಡುಕಿಕೊಂಡು, ಅದರ ಮೇಲೆ ಕುಸಿದಳು.

"ದಿನಾ ತಡವಾಗಿ ಬರ್ತಿದ್ರು," ಎಂದಳು ಆಮೇಲೆ, ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ. "ಬೇರೆ ಕೋಣೇಲಿ ಮಲಗ್ತಿದ್ರು. ನನ್ನ ಕೆಮ್ಮಿಗೆ ಹೇಸಿಕೊಂಡಿದಾರೆ ಅಂದ್ಕೊಂಡಿದ್ದೆ. ಕೋಪ ಮಾಡ್ಕೊಂಡಿದ್ದೆ, ನೋಡಿ."

"ನಿಮ್ಮ ಕೆಮ್ಮಿಗೆ?"

ಅವಳು ಒಂದು ಟವೆಲು ಎತ್ತಿಕೊಂಡು ಕಣ್ಣಿಗೆ ಒತ್ತಿದಳು. ತುಂಬ ಹೊತ್ತು ಒತ್ತಿಯೇ ಇದ್ದಳು. ತೆಗೆದಾಗ ಬಿಳಿ ಬಟ್ಟೆಯ ಮೇಲೆ ಎರಡು ಕಲೆ. ಕಿತ್ತಳೆ ಬಣ್ಣದ ಕಲೆ.

ಕೆಮ್ಮಿನಕ್ಕ ಆ ಟವೆಲನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡಳು. ಗಂಡನ ಮಾತ್ರೆ ಎಲ್ಲಿಗೆ ಹೋಗುತ್ತಿತ್ತು ಎಂಬುದಕ್ಕೆ ಇನ್ನು ಯಾರೂ ಉತ್ತರ ಹೇಳಬೇಕಿರಲಿಲ್ಲ.

"ಎಷ್ಟು ದಿನದಿಂದ?"

"ಐದು ತಿಂಗಳು ದಾಟ್ತು. ಮೊದಲು ಇಬ್ಬರೂ ಹಂಚ್ಕೊಂಡ್ವಿ, ಒಂದು ದಿನ ಅವರಿಗೆ, ಒಂದು ದಿನ ನನಗೆ. ಆಮೇಲೆ ಅವರು 'ನನಗೆ ವಾಸಿಯಾಯ್ತು, ಎಲ್ಲಾ ನೀನೇ ತಗೋ' ಅಂದ್ರು. ಸೋಮವಾರದ್ದು ಮಾತ್ರ ಅವರು ನುಂಗ್ತಾರೆ. ನೀವು ಬರ್ತೀರಲ್ಲ, ಅದಕ್ಕೆ."

ವಾರಕ್ಕೆ ಒಂದು ದಿನ. ರೋಗಾಣುವನ್ನು ಕೊಲ್ಲುವುದಕ್ಕೆ ಅದು ಸಾಲದು. ಮದ್ದನ್ನು ಗುರುತು ಹಿಡಿದು ಗಟ್ಟಿಯಾಗುವುದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಸೂಜಿ ಕಚ್ಚಿಕೊಂಡು ಕೆಮ್ಮು ನುಂಗುತ್ತಿದ್ದ ಆ ಮನುಷ್ಯ ಹೆಂಡತಿಯನ್ನು ಉಳಿಸಲು ಹೋಗಿ ತನ್ನ ಎದೆಯಲ್ಲಿ ಬೇರೊಂದನ್ನೇ ಬೆಳೆಸಿದ್ದ. ಅದನ್ನು ಕಾಜಾ ಅಕ್ಕನಿಗೂ ಕೊಟ್ಟಿದ್ದ. ಪಾಪ ಎನ್ನಬೇಕೋ ಪಾಪಿ ಎನ್ನಬೇಕೋ ಕೆಮ್ಮಿನಕ್ಕನಿಗೆ ತಿಳಿಯಲಿಲ್ಲ.

"ಅವರು ಉಳೀತಾರಾ ಅಕ್ಕ?"

"ಉಳೀತಾರೆ. ಬೇರೆ ಮಾತ್ರೆಗಳಿವೆ. ಇದಕ್ಕಿಂತ ಕಷ್ಟದವು, ಹೊಟ್ಟೆ ತೊಳೆಸುತ್ತೆ, ತಿಂಗಳುಗಟ್ಟಲೆ ನುಂಗಬೇಕು. ಆದ್ರೆ ಉಳೀತಾರೆ. ಇವತ್ತೇ ಶುರು ಮಾಡಿಸ್ಬೇಕು. ನಿಮ್ಮದೂ ಮತ್ತೆ ಪರೀಕ್ಷೆ ಆಗ್ಬೇಕು." ಅಷ್ಟು ಹೇಳಿದ ಮೇಲೆ ಅವಳ ದನಿ ಗಡುಸಾಯಿತು. "ಆದ್ರೆ ಒಂದು ಅರ್ಥವಾಗ್ತಿಲ್ಲ. ಮಾಸ್ಟರಿಗೆ ರೋಗ ಗೊತ್ತಾದ ವಾರವೇ ನಿಮ್ಮ ಕಫಾನೂ ನಾನೇ ತಗೊಂಡು ಹೋಗಿದ್ದೆ. ರೋಗ ಇಲ್ಲ ಅಂತ ಬಂದಿತ್ತು. ರಿಜಿಸ್ಟರಿನಲ್ಲಿ ನಾನೇ ಓದಿದೀನಿ."

ಮಾಸ್ಟರ್ ಹೆಂಡತಿ ತಲೆಯೆತ್ತಿದಳು. ಕಣ್ಣಿನ ಅಂಚುಗಳು ಕೆಂಪಗಿದ್ದವು.

"ಇಲ್ಲ ಅಂತ ನಿಮಗೆ ಬಂದಿತ್ತು," ಎಂದಳು. "ನನಗೆ ಇದೆ ಅಂತ ಹೇಳಿದ್ರು."

"ಯಾರು?"

"ನಿಮ್ಮ ಜೊತೆ ಬುತ್ತಿ ತಿಂತಾರಲ್ಲ, ಅವರು. ದುರ್ಬೀನು."

ಮುಂದಿನ ಕೋಣೆಯಲ್ಲಿ ಯಾವುದೋ ಮಗು ನಿದ್ದೆಯಲ್ಲಿ ಮುಲುಗಿತು. ಕೆಮ್ಮಿನಕ್ಕ ಗೋಡೆಗೆ ಕೈಯಾನಿಸಿದಳು.

"ಸರಿಯಾಗಿ ಹೇಳಿ. ಏನಂದ ಅವನು?"

"ಸಂಜೆ ಮನೆಗೇ ಬಂದಿದ್ರು. 'ನಿಮ್ಮ ಕಫದಲ್ಲಿ ಸಿಕ್ಕಿದೆ, ಆದ್ರೆ ನಾನು ಬರೆಯಲ್ಲ. ಬರೆದ್ರೆ ನಿಮ್ಮ ಕೆಲಸ ಹೋಗುತ್ತೆ, ಶಿಶುವಿಹಾರ ಮುಚ್ಚುತ್ತೆ. ಮನೇಲಿ ಮಾತ್ರೆ ಇದೆಯಲ್ಲ, ಇಬ್ಬರೂ ಹಂಚ್ಕೊಳ್ಳಿ. ಅಕ್ಕನಿಗೆ ಮಾತ್ರ ಯಾವ ಕಾರಣಕ್ಕೂ ಹೇಳ್ಬೇಡಿ' ಅಂದ್ರು. ನನಗೆ ದೇವರ ಹಾಗೆ ಕಂಡ್ರು ಅಕ್ಕ. ಕೈ ಮುಗಿದೆ."

"ಮತ್ತೆ ಈ ಮಕ್ಕಳು? ಅವನಿಗೆ ಗೊತ್ತಿತ್ತಲ್ಲ ನೀವು ಇಲ್ಲಿರೋದು?"

"ಗೊತ್ತಿಲ್ಲದೆ ಏನು? ಅವರ ಮೊಮ್ಮಗಳೂ ಇಲ್ಲೇ ಇದ್ಲು." ಅವಳು ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡಳು. "ಮಾರನೇ ದಿನ ಬೆಳಿಗ್ಗೆ ಬಂದು ಬಿಡಿಸ್ಕೊಂಡು ಹೋದ್ರು. ಮನೆ ದೂರ ಆಗುತ್ತೆ ಅಂತ ಕಾರಣ ಹೇಳಿದ್ರು. ಉಳಿದೋರ ಬಗ್ಗೆ ಒಂದು ಮಾತಾಡ್ಲಿಲ್ಲ. ನಾನೇ ಕೇಳ್ದೆ, ನಾನು ಕೆಲಸ ಬಿಡ್ಲಾ ಅಂತ. 'ಬಿಟ್ರೆ ಅನುಮಾನ ಬರುತ್ತೆ, ಹೋಗ್ತಾ ಇರಿ' ಅಂದ್ರು. ಅವತ್ತಿನಿಂದ ನಾನು ಈ ಮಾಸ್ಕು ಬಿಚ್ಚಿಲ್ಲ. ಒಂದು ಮಗೂನ ಮುದ್ದು ಮಾಡಿಲ್ಲ. ಜೋಗುಳ ಹಾಡಿಲ್ಲ. ದೊಡ್ಡಮ್ಮಾ ಹಾಡು ಹೇಳು ಅಂತ ಪೀಡಿಸ್ತಾವೆ, ಗಂಟಲು ನೋವು ಅಂತೀನಿ. ಐದು ತಿಂಗಳಿಂದ ಗಂಟಲು ನೋವು!"

ತನ್ನ ಮೊಮ್ಮಗಳನ್ನು ಬಿಡಿಸಿಕೊಂಡ. ಉಳಿದವರನ್ನು ಬಿಟ್ಟ. ಕೆಮ್ಮಿನಕ್ಕ ಆ ಮಾತನ್ನು ಮನಸ್ಸಿನಲ್ಲಿ ಎರಡು ಸಲ ತಿರುಗಿಸಿ ನೋಡಿದಳು. ಹೆದರಿಕೆಯಿಂದ ಮಾಡಿದ್ದೇ? ಹೆದರಿದವನು ಬಾಯಿ ಮುಚ್ಚಿಕೊಂಡಿರುತ್ತಾನೆ. ರಿಜಿಸ್ಟರಿನಲ್ಲಿ ಸುಳ್ಳು ಬರೆದು, ಮನೆಗೆ ಹೋಗಿ ಉಪಾಯ ಹೇಳಿಕೊಟ್ಟು, ಅನುಮಾನ ಬಾರದ ಹಾಗೆ ಕೆಲಸಕ್ಕೆ ಕಳಿಸುವುದಿಲ್ಲ. ಇದರ ಹಿಂದೆ ಬೇರೇನೋ ಇದೆ. ಆ ರಿಜಿಸ್ಟರಿನಲ್ಲಿ ಅವನು 'ಇಲ್ಲ' ಎಂದು ಬರೆದದ್ದು ಇದೊಂದೇ ಸಾಲೋ, ಇನ್ನೆಷ್ಟೋ?

"ಮಕ್ಕಳಲ್ಲಿ ಯಾರಿಗಾದ್ರೂ ಹುಷಾರಿಲ್ವಾ?"

ಮಾಸ್ಟರ್ ಹೆಂಡತಿ ಮಡಚಿಟ್ಟಿದ್ದ ಟವೆಲೊಂದನ್ನು ಬಿಚ್ಚಿ ಮತ್ತೆ ಮಡಚಿದಳು.

"ಹೇಳಮ್ಮಾ!"

"ಒಂದು ಮಗು ಒಂಬತ್ತು ದಿನದಿಂದ ಬಂದಿಲ್ಲ. ಮೂರು ವರ್ಷದ ಹುಡುಗಿ. ಜ್ವರ ಅಂದ್ರು. ವಾಂತಿ ಅಂದ್ರು. ನಿನ್ನೆ ಅವರಮ್ಮ ಫೋನು ಮಾಡಿದ್ದಾಗ, ಬರೀ ತೂಕಡಿಸ್ತಾನೇ ಇರ್ತಾಳೆ ಅಂತ..."

"ನಂಬರ್ ಕೊಡಿ."

ತಾಯಿ ಎರಡನೇ ರಿಂಗಿಗೇ ಎತ್ತಿದಳು. ಕೆಮ್ಮಿನಕ್ಕ ನಾಲ್ಕೇ ಪ್ರಶ್ನೆ ಕೇಳಿದಳು. ಕುತ್ತಿಗೆ ಬಗ್ಗಿಸ್ತಾಳಾ? ಬೆಳಕು ನೋಡ್ತಾಳಾ? ನಿಮ್ಮನ್ನ ಗುರುತು ಹಿಡೀತಾಳಾ? ಕಣ್ಣು ನೆಟ್ಟಗಿದೆಯಾ? ನಾಲ್ಕನೆಯದಕ್ಕೆ ಆ ತಾಯಿ, "ಬೆಳಿಗ್ಗೆಯಿಂದ ಒಂದು ಕಣ್ಣು ಮೂಗಿನ ಕಡೆ ಹೋಗಿದೆ, ಯಾಕೆ ಕೇಳ್ತೀರಿ? ನೀವು ಯಾರು?" ಎಂದಳು.

"ನಾನು ಯಾರಾದ್ರೂ ಆಗಲಿ. ಈಗ, ಈ ನಿಮಿಷ, ಮಗೂನ ಎತ್ಕೊಂಡು ದೊಡ್ಡಾಸ್ಪತ್ರೆಗೆ ಹೊರಡಿ. ಬಾಗಿಲಿಗೆ ಬೀಗ ಹಾಕೋಕೂ ನಿಲ್ಲಬೇಡಿ. ಮಗು ದಿನಾ ಇರೋ ಕಡೆ ಕ್ಷಯ ಇರೋರು ಇದ್ರು ಅಂತ ಡಾಕ್ಟರಿಗೆ ಹೇಳಿ. ಅದೊಂದು ಮಾತು ಮರೀಬೇಡಿ. ಹೊತ್ತು ಇದೆ, ಹೊರಡಿ!"

ಅವಳು ಫೋನು ಇಟ್ಟಳು. ಹೊತ್ತು ಇದೆಯೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಮಾಸ್ಟರ್ ಹೆಂಡತಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದಳು.

"ಈಗ ಅಳೋದು ಬೇಡ. ಎದ್ದು ಮುಂದಿನ ಕೋಣೆ ಕಿಟಕಿಗಳನ್ನೆಲ್ಲ ತೆಗೀರಿ. ಹತ್ತೊಂಬತ್ತು ಮಕ್ಕಳ ತಾಯಂದಿರ ನಂಬರ್ ಬರೆದು ಕೊಡಿ. ಪ್ರತಿಯೊಂದನ್ನೂ ಪರೀಕ್ಷೆ ಮಾಡಿಸ್ಬೇಕು. ರೋಗ ಹತ್ತದೆ ಇರೋರಿಗೆ ಹತ್ತದ ಹಾಗೆ ಮಾತ್ರೆ ಇದೆ. ಆದ್ರೆ ಕಫ ಆ ದುರ್ಬೀನಿನ ಕೈಗೆ ಹೋಗಬಾರದು."

ಅವಳು ಡಾಕ್ಟರ ನಂಬರು ಒತ್ತಲು ಹೊರಟಳು. ಅಷ್ಟರಲ್ಲಿ ಫೋನು ಕೈಯಲ್ಲೇ ಗುಂಯ್‌ಗುಟ್ಟಿತು.

ದುರ್ಬೀನು.

ಮಾಸ್ಟರ್ ಹೆಂಡತಿ ಫೋನಿನ ಪರದೆಯ ಮೇಲಿನ ಹೆಸರು ನೋಡಿದಳು. ಬೇಡ ಎಂದು ತಲೆಯಾಡಿಸಿದಳು. ಎತ್ತದಿದ್ದರೆ ಅನುಮಾನ. ಕೆಮ್ಮಿನಕ್ಕ ಎತ್ತಿದಳು.

"ಎಲ್ಲಿದೀರಿ ಅಕ್ಕ?" ಎಂದಿನ ಮೆತ್ತಗಿನ ದನಿ. "ಊಟಕ್ಕೆ ಕಾಯ್ತಿದ್ದೆ."

"ಮನೆಗೆ ಬಂದ್ಬಿಟ್ಟೆ ದುರ್ಬೀನೂ. ತಲೆ ಸಿಡೀತಿತ್ತು." ಹದಿನೇಳು ವರ್ಷದಲ್ಲಿ ಅವಳು ಅವನಿಗೆ ಹೇಳಿದ ಮೊದಲ ಸುಳ್ಳು. ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಆಶ್ಚರ್ಯವಾಯಿತು.

"ಅಯ್ಯೋ. ಮಾಸ್ಟರ್ ಹೆಂಡತಿ ಹತ್ರ ಹೋಗ್ಲಿಲ್ವಾ ಹಾಗಾದ್ರೆ?"

"ಇಲ್ಲ. ನೀನು ಹೇಳಿದ್ದೂ ಸರಿ ಅನ್ನಿಸ್ತು. ನಾಳೆ ನೋಡೋಣ."

ಆ ಕಡೆಯಿಂದ ಉಸಿರು ಕೇಳುತ್ತಿತ್ತು. ನಡೆದುಕೊಂಡು ಬಂದವನ ಉಸಿರು.

"ಮತ್ತೆ ಇಲ್ಲಿ ಗೇಟಿನ ಹತ್ರ ನಿಮ್ಮ ಸ್ಕೂಟರ್ ತಂದು ನಿಲ್ಲಿಸಿದೋರು ಯಾರಕ್ಕ?"

ಗೇಟಿನ ಚಿಲಕ ಸರಿದ ಸದ್ದು ಅವಳಿಗೆ ಎರಡು ಕಡೆಯಿಂದ ಕೇಳಿಸಿತು. ಒಂದು ಫೋನಿನಿಂದ, ಇನ್ನೊಂದು ಮಕ್ಕಳು ಮಲಗಿದ್ದ ಕೋಣೆಯ ಆಚೆಯಿಂದ.